ಉಬ್ಬಿದ ಕಾಯಿ ನೋಡಿ ಮೋಸಹೋದ ಕಥೆ

ಜೌಗಿನಲ್ಲಿ ಜೇಕು (ಹುಲ್ಲಿನಂತೆ ಕಾಣುವ ಗಿಡ) ಹುಡುಕಲು ಹೊರಟಾಗ ಮೊದಮೊದಲು ನನಗೆ ಎಲ್ಲವೂ ಹುಲ್ಲೇ. ದಂಟನ್ನು ಬೆರಳುಗಳ ನಡುವೆ ಉರುಳಿಸಿ ನೋಡುವುದನ್ನು ಕಲಿತ ಮೇಲೆ ಅರ್ಧ ಗೊಂದಲ ಹೋಯಿತು. ಮೂರು ಏಣು ಸಿಕ್ಕಿ, ಒಳಗೆ ಗಟ್ಟಿಯಿದ್ದು, ಎಲೆ ಮೂರು ಸಾಲಲ್ಲಿ ಬಂದಿದ್ದರೆ ಹೆಚ್ಚುಕಮ್ಮಿ ಜೇಕೇ.

ಆದ್ರೆ ಯಾವ ಜೇಕು? ಕ್ಯಾರೆಕ್ಸ್ ಕುಲವೊಂದರಲ್ಲೇ ಸುಮಾರು 2000 ಜಾತಿಗಳಿವೆ. ಎಲೆ ನೋಡಿ ಸುಮ್ನೆ ಹೆಸರು ಹೇಳಲು ಆಗಲ್ಲ, ಬಲಿತ ಕಾಯಿ ಬೇಕೇ ಬೇಕು. ಪ್ರತಿ ಕಾಯಿಯೂ ಒಂದು ಪುಟ್ಟ ಚೀಲದೊಳಗೆ ಕೂತಿರುತ್ತದೆ. ಚೀಲದ ಉದ್ದ, ಮೂತಿಯ ಆಕಾರ, ಮೇಲಿನ ನರಗಳು, ಒಳಗಿನ ಕಾಯಿ ಚಪ್ಪಟೆಯೋ ಮೂರು ಮೂಲೆಯದ್ದೋ, ಎಲ್ಲವನ್ನೂ ಲೆನ್ಸ್ ಹಿಡಿದು ನೋಡಬೇಕು.

ನಾನು ಎಡವಿದ್ದು ಇಲ್ಲೇ. ಒಂದು ತೆನೆಯಲ್ಲಿ ಚೀಲಗಳು ಗುಂಡಗೆ ಉಬ್ಬಿದ್ದವು. ಅಪರೂಪದ್ದೇ ಸಿಕ್ಕಿತು ಅಂತ ಹಿಗ್ಗಿಹೋದೆ! ಮನೆಗೆ ತಂದು ಸೂಜಿಯಿಂದ ಸೀಳಿದರೆ ಒಳಗೆ ಬೀಜವೇ ಇಲ್ಲ, ಕಿತ್ತಳೆ ಬಣ್ಣದ ಒಂದು ಮರಿಹುಳು ಮುದುರಿಕೊಂಡಿತ್ತು. ಗಂಟು ಕಟ್ಟಿಸುವ ನೊಣದ ಮರಿ, ಭತ್ತದ ಕಣೆ ನೊಣದ ಬಳಗದ್ದೇ. ಅದೇ ತೆನೆಯ ಉಬ್ಬದ ಚೀಲಗಳನ್ನು ಅಳೆದಾಗ ಗೊತ್ತಾಯಿತು, ಅದು ತೀರಾ ಸಾಮಾನ್ಯ ಜಾತಿ.

ನಿಜವಾದ ಅಪರೂಪದ್ದು ಎರಡು ಹೆಜ್ಜೆ ಆಚೆಗಿತ್ತು. ಕಾಯಿ ಕಪ್ಪಾಗಿದೆ, ಹುಳು ತಿಂದಿರಬೇಕು ಅಂತ ಮೊದಲ ದಿನ ಅದನ್ನು ಬಿಟ್ಟುಬಂದಿದ್ದೆ. ಮತ್ತೆ ಹೋಗಿ ಉಜ್ಜಿದರೆ ಬೆರಳಿಗೆ ಮಸಿ ಹತ್ತಿತು. ಹುಳು ಅಲ್ಲ, ಕಾಡಿಗೆ ರೋಗದ ಶಿಲೀಂಧ್ರ. ಪುಣ್ಯಕ್ಕೆ ಕೆಳಗಿನ ನಾಲ್ಕೈದು ಚೀಲ ಸರಿಯಾಗಿದ್ದವು, ಹೆಸರು ಸಿಕ್ಕಿದ್ದು ಅವುಗಳಿಂದಲೇ. (ಜಾತಿಯ ಹೆಸರು, ಜಾಗ ಎರಡನ್ನೂ ಬೇಕಂತಲೇ ಬರೆಯುತ್ತಿಲ್ಲ. ನೋಡಲು ಬಂದು ತುಳಿಯೋರೇ ಜಾಸ್ತಿ, ಅಲ್ವಾ?)

ಅದರ ಹೂಗೊಂಚಲ ಮೇಲೆ ತಾಮ್ರದ ಹಾಗೆ ಹೊಳೆಯುವ ದುಂಬಿಗಳು ಪರಾಗ ಮೆಲ್ಲುತ್ತಿದ್ದವು, ಪ್ಲೇಟುಮ್ಯಾರಿಸ್ ಕುಲದವು. ಇವುಗಳ ಮರಿಗಳು ಕೆಸರಿನಲ್ಲಿ ಬೇರು ತಿನ್ನುತ್ತವೆ. ಅಲ್ಲಿ ಉಸಿರಾಡಲು ಗಾಳಿಯೆಲ್ಲಿ? ಬಾಲದ ತುದಿಯ ಎರಡು ಕೊಕ್ಕೆಗಳನ್ನು ಬೇರಿಗೆ ಚುಚ್ಚಿ, ಗಿಡ ತನಗಾಗಿ ಇಟ್ಟುಕೊಂಡ ಗಾಳಿಯನ್ನೇ ಕದಿಯುತ್ತವೆ. ಅಪರೂಪದ ಗಿಡವನ್ನು ಕೀಳುವ ಮಾತೇ ಇಲ್ಲ, ಹಾಗಾಗಿ ಕಿತ್ತು ತೇಲಿಬಂದಿದ್ದ ಬೇರೊಂದು ಜೇಕಿನ ಬೇರಿನಲ್ಲಿ ಹುಡುಕಿದೆ. ಬಿಳಿ ಮರಿಯೊಂದು ಬೇರಿಗೆ ಕಚ್ಚಿಕೊಂಡೇ ಇತ್ತು, ಎಳೆದರೂ ಬಿಡಲಿಲ್ಲ.