ಮನೋವೈದ್ಯರ ಫೀ: ತಲೆ ಲೆಕ್ಕ ಬಿಟ್ಟು ವೇಳೆ ಲೆಕ್ಕ

ಹುಬ್ಬಳ್ಳಿಯಲ್ಲಿ ಸಾಮಾನ್ಯವಾಗಿ ಮನೋವೈದ್ಯರ ಫೀ ಕೂಡ ಚೀಟಿಗೆ ಇಷ್ಟು ಎಂದೇ ಇರುತ್ತದೆ. ಹೊಸಬರ ಪೂರ್ವಾಪರ ಕೇಳಿ, ಮನೆಯವರನ್ನು ಬೇರೆ ಕೂರಿಸಿ ಮಾತಾಡಲು ಮುಕ್ಕಾಲು ತಾಸು ಬೇಕು. ಮರುಭೇಟಿಗೆ ಕಾಲು ತಾಸು ಸಾಕು. ಎರಡಕ್ಕೂ ಒಂದೇ ದರವಿದ್ದರೆ ಕಿವಿಗೊಟ್ಟು ಕೇಳುವ ವೈದ್ಯರಿಗೇ ನಷ್ಟ, ಆ ನಷ್ಟ ತುಂಬಲು ದವಾಖಾನೆಯ ಔಷಧಿ ಅಂಗಡಿ ಬೇಕಾಗುತ್ತದೆ. ಗುಳಿಗೆ ಬರೆದಷ್ಟೂ ಗಳಿಕೆ ಎನ್ನುವ ಏರ್ಪಾಟು ನಮ್ಮ ವೃತ್ತಿಗೆ ತಕ್ಕದ್ದಲ್ಲ. ಅದಕ್ಕೇ ನಾನು ಅಂಗಡಿ ಇಟ್ಟುಕೊಂಡಿಲ್ಲ. ಫೀಯನ್ನು ವೇಳೆಯ ಮೇಲೆ ಹಾಕುತ್ತೇನೆ.

15 ನಿಮಿಷಕ್ಕೆ ಒಂದು ಪಾಳಿ. ದಿನಕ್ಕೆ 5 ತಾಸು ಕೂತರೆ 20 ಪಾಳಿ. ತುರ್ತು ರೋಗಿ, ಫೋನು, ಬರವಣಿಗೆಗೆ 4 ಬಿಟ್ಟು 16 ಹಿಡಿಯಬೇಕು. ತಿಂಗಳಲ್ಲಿ 24 ದಿನಕ್ಕೆ 384. ಬಾಡಿಗೆ, ಸಿಬ್ಬಂದಿಯ ಪಗಾರ, ಕರೆಂಟ್ ಬಿಲ್ಲು, ಜೊತೆಗೆ ವೈದ್ಯರ ಪಗಾರವನ್ನೂ ಕೂಡಿಸಿ 384ರಿಂದ ಭಾಗಿಸಬೇಕು. ಒಟ್ಟು 1,53,600 ರೂಪಾಯಿ ಆದರೆ ಪಾಳಿಗೆ 400. ಮೊದಲ ಭೇಟಿ ಮೂರು ಪಾಳಿ, 1,200 ರೂಪಾಯಿ. ಕುಂದಗೋಳ, ಶಿಗ್ಗಾವಿಯಿಂದ ಬಸ್ಸಿಗೆ ಬಂದವರಿಗೆ ಒಂದೇ ಸಲಕ್ಕೆ ಇದು ಭಾರ. ಆದ್ದರಿಂದ ಮೊದಲ ದಿನ 800, ಉಳಿದ 400ನ್ನು ಮುಂದಿನ ಎರಡು ಭೇಟಿಗೆ ಇನ್ನೂರರಂತೆ ಹಂಚುವುದು. ಅದೂ ಆಗದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅಲ್ಲಿಗೆ ಪತ್ರ ಬರೆದುಕೊಡುವುದಕ್ಕೆ ಫೀ ಇಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಬೇರೆ ಔಷಧಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಗುಳಿಗೆಯ ವಿಷಯದಲ್ಲಿ. ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ ಆಗಬೇಕು. ವೈದ್ಯರು ವರದಿ ನೋಡುವುದು ಎರಡು ನಿಮಿಷ. ಅದಕ್ಕೂ ಪ್ರತಿ ಸಲ ಚೀಟಿ ಮಾಡಿಸಿದರೆ "ಹೋದ ವಾರ ಛಲೋ ಇತ್ತಲ್ರೀ ಸಾಹೇಬ್ರ" ಎಂದು ಪರೀಕ್ಷೆಯನ್ನೇ ಬಿಡುತ್ತಾರೆ, ಇಲ್ಲವೇ ಗುಳಿಗೆ ಬಿಡುತ್ತಾರೆ. ಎರಡು ದಿನಕ್ಕಿಂತ ಹೆಚ್ಚು ಬಿಟ್ಟರೆ ಮತ್ತೆ 12.5 ಮಿಲಿಗ್ರಾಂನಿಂದ ಏರಿಸುತ್ತ ಬರಬೇಕು. ನಾನು 18 ವಾರದ ವರದಿಗಳಿಗೆಲ್ಲ ಸೇರಿಸಿ ನಾಲ್ಕೇ ಪಾಳಿ ಹಿಡಿಯುತ್ತೇನೆ. ಲ್ಯಾಬಿನ ದರ ಬೇರೆ. ಒಮ್ಮೆ ಚುಚ್ಚಿದರೆ ತಿಂಗಳಿಡೀ ಕೆಲಸ ಮಾಡುವ ಡಿಪೋ ಇಂಜೆಕ್ಷನ್ನಿಗೂ ಹೀಗೆಯೇ: ನರ್ಸ್ ಶುಲ್ಕ ಮಾತ್ರ, ಮೂರು ತಿಂಗಳಿಗೊಮ್ಮೆ ವೈದ್ಯರ ಪಾಳಿ.

ಬಿತ್ತನೆ, ಸುಗ್ಗಿಯಲ್ಲಿ ಪಾಳಿಗಳು ಖಾಲಿ ಬೀಳುತ್ತವೆ. ಮುಂಗಡ ತಗೊಂಡರೆ ಜನ ಬರುವುದೇ ನಿಲ್ಲುತ್ತದೆ, ತಾಸಿಗೊಂದು ಮರುಭೇಟಿ ಹೆಚ್ಚಿಗೆ ಬರೆದುಕೊಂಡರೆ ಸರಿಹೋಗುತ್ತದೆ.

ಇನ್ನು ವಿಮೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 21(4)ರ ಪ್ರಕಾರ ದೇಹದ ಕಾಯಿಲೆಗೆ ಇದ್ದಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2018ರ ಆಗಸ್ಟಿನಲ್ಲಿ ಕಂಪನಿಗಳಿಗೆ ಇದನ್ನೇ ಸುತ್ತೋಲೆಯಲ್ಲಿ ತಿಳಿಸಿತು. ಆದರೂ ಕ್ಲೇಮು ವಾಪಸ್ ಬರುವುದುಂಟು, ಬಹಳ ಸಲ ರಸೀತಿ ಅರೆಬರೆ ಇರುವುದರಿಂದ. ದಿನಾಂಕ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಕಾಯಿಲೆ ಯಾವುದೆಂದು ಹೇಳುವ ಐಸಿಡಿ ಸಂಕೇತ, ಸಹಿ ಇರಲೇಬೇಕು. ಸಮಾಲೋಚನೆ, ಮನೋಚಿಕಿತ್ಸೆ ಬೇರೆ ಬೇರೆ ಸಾಲಿನಲ್ಲಿರಲಿ. ಕಾಯಿಲೆಯ ಸಂಕೇತ ಹಾಕುವ ಮುಂಚೆ ರೋಗಿಯನ್ನು ಕೇಳಬೇಕು; ಆ ಕಾಗದ ಅವರ ಕಚೇರಿಯ ಮೇಜಿನ ಮೇಲೂ ಹೋದೀತು. ಬೇಡವೆಂದರೆ ಸಂಕೇತವಿಲ್ಲದ ಸಾದಾ ರಸೀತಿ ಕೊಡುತ್ತೇನೆ. ಇಸಿಟಿಯ (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಬಿಲ್ಲಿನಲ್ಲಿ ಅರಿವಳಿಕೆ ತಜ್ಞರ ಫೀಯನ್ನು ಪ್ರತ್ಯೇಕ ತೋರಿಸಿ, ಪಕ್ಕದಲ್ಲೇ ಕಲಂ 95 ಎಂದು ಬರೆಯಬೇಕು: ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು ಕಾಯ್ದೆ ನಿಷೇಧಿಸಿದೆ. ಆಗ ಆ ಮೊತ್ತವನ್ನು ಅನಗತ್ಯ ಖರ್ಚೆಂದು ಕಡಿಯಲು ಬರುವುದಿಲ್ಲ.