ಹೊಂಡದ ತುಂಬ ಜಿಲೇಬಿ ಮೀನಾ? ಕೊರಮೀನು ಬಿಟ್ಟು ನೋಡಿ

ಹೆಸರಘಟ್ಟ, ದೇವನಹಳ್ಳಿ ಕಡೆ ತೋಟದಲ್ಲಿ ಕೃಷಿ ಹೊಂಡ ಮಾಡಿಸಿದವರು ಸಾಮಾನ್ಯವಾಗಿ ಕಾಟ್ಲಾ, ರೋಹು ಬಿಡುತ್ತಾರೆ. ಕೆರೆ ನೀರು ತುಂಬಿಸಿದರೆ ಅದರ ಜೊತೆ ಜಿಲೇಬಿಯೂ (ತಿಲಾಪಿಯಾ ಮೀನು) ಸೇರಿಕೊಳ್ಳುತ್ತದೆ. ಎರಡು ಮೂರು ತಿಂಗಳಿಗೇ ಅದು ಮರಿ ಹಾಕಲು ಶುರುಮಾಡುತ್ತದೆ. ತಾಯಿ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಸಾಯುವುದು ಕಮ್ಮಿ. ಆಮೇಲೆ ಹೊಂಡದ ತುಂಬ ಮೀನು, ಒಂದೂ ಅಂಗೈ ಅಗಲ ಆಗಿರುವುದಿಲ್ಲ.

ಮೊದಲು ಬೀಸುಬಲೆ ಹಾಕಿ. ಮೂರು ನಾಲ್ಕು ಕಡೆ ಎಳೆದು, ಸಿಕ್ಕಿದ್ದನ್ನು ನೀರಿರುವ ಟಬ್ಬಿಗೆ ಸುರಿದು ಗಾತ್ರ ನೋಡಿ. ಮುಕ್ಕಾಲುಪಾಲು ಬೆರಳುದ್ದದ್ದೇ ಇದ್ದರೆ ಅವನ್ನು ಹಿಡಿದು ತಿನ್ನುವ ಬೇರೆ ಮೀನು ಬೇಕು ಎಂದರ್ಥ.

ಅದಕ್ಕೆ ಹಾವಿನಂಥ ತಲೆಯ ಕೊರಮೀನು (ಮುರ್ರೆಲ್) ಒಳ್ಳೆಯದು. ನಮ್ಮ ಕೆರೆಗಳದ್ದೇ ಮೀನು, ಮಾರ್ಕೆಟ್ಟಿನಲ್ಲಿ ಬೆಲೆಯೂ ಇದೆ. ಆಫ್ರಿಕನ್ ಕ್ಯಾಟ್‌ಫಿಶ್ ಕೊಡುತ್ತೇವೆ ಎಂದು ಯಾರಾದರೂ ಬಂದರೆ ದಯವಿಟ್ಟು ಬೇಡ ಅನ್ನಿ. ಅದನ್ನು ಸಾಕುವುದು ನಿಷೇಧ. ಮಳೆಗೆ ತಪ್ಪಿಸಿಕೊಂಡು ಕೆರೆ ಸೇರಿದರೆ ಅಲ್ಲಿನ ಮೀನುಗಳ ಗತಿ ಮುಗಿಯಿತು.

ಎಷ್ಟು ಬಿಡಬೇಕು ಅನ್ನುವುದಕ್ಕಿಂತ ಯಾವ ಗಾತ್ರದ್ದು ಬಿಡಬೇಕು ಅನ್ನುವುದೇ ಮುಖ್ಯ. ಕೊರಮೀನು ತನ್ನ ಬಾಯಲ್ಲಿ ಹಿಡಿಯುವಷ್ಟು ಗಾತ್ರದ್ದನ್ನು ಮಾತ್ರ ನುಂಗುತ್ತದೆ. ಒಂದು ಸಲ ನಾನು ದೊಡ್ಡ ಕೊರಮೀನುಗಳನ್ನು ಬಿಟ್ಟ ವಾರದಲ್ಲೇ ಬೆರಳುದ್ದದ ಕಾಟ್ಲಾ ಮರಿಗಳನ್ನೂ ತಂದು ಬಿಟ್ಟೆ. ಒಂದೂ ಉಳಿಯಲಿಲ್ಲ, ತುಂಬಾ ಬೇಜಾರಾಯಿತು. ಹಾಗಾಗಿ ಕಾಟ್ಲಾ, ರೋಹು ಗೇಣುದ್ದ ಆಗುವವರೆಗೆ ಕಾಯಿರಿ. ಆಮೇಲೆ ಅವಕ್ಕಿಂತ ಚಿಕ್ಕ ಕೊರಮೀನು ಮರಿ ಬಿಡಿ. ನಾನು ಇಪ್ಪತ್ತು ಜಿಲೇಬಿಗೆ ಒಂದರ ಲೆಕ್ಕದಲ್ಲಿ ಶುರುಮಾಡುತ್ತೇನೆ. ಎಲ್ಲವೂ ಒಂದೇ ಅಳತೆಯವು ಇರಲಿ, ಒಂದೇ ದಿನ ಬಿಡಿ. ಇಲ್ಲದಿದ್ದರೆ ದೊಡ್ಡದು ಚಿಕ್ಕದನ್ನು ತಿಂದುಬಿಡುತ್ತದೆ.

ಬಿಡುವ ಮೊದಲೇ ಏರಿಯ ಸುತ್ತ ಬಲೆ ಕಟ್ಟಿ. ಕೊರಮೀನು ಗಾಳಿಯನ್ನೂ ಉಸಿರಾಡುತ್ತದೆ, ಮಳೆ ರಾತ್ರಿ ಒದ್ದೆ ನೆಲದ ಮೇಲೆ ಹರಿದು ಹೊರಟೇ ಹೋಗುತ್ತದೆ. ಇನ್ನೊಂದು ವಿಷಯ. ಬೆಳಗಿನ ಜಾವ ಬೇರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಲ್ಲಿ ಆಮ್ಲಜನಕ ಸಾಲುತ್ತಿಲ್ಲ. ಕೊರಮೀನು ಚೆನ್ನಾಗಿದೆ ಅಲ್ವಾ ಎಂದು ಸುಮ್ನೆ ಕೂರಬೇಡಿ, ತಕ್ಷಣ ಹೊಸ ನೀರು ಹಾಯಿಸಿ.

ತಿಂಗಳಿಗೊಮ್ಮೆ ಮತ್ತೆ ಬಲೆ ಬೀಸಿ. ಸಣ್ಣದು, ಮಧ್ಯಮ, ದೊಡ್ಡದು ಮೂರೂ ಸಿಕ್ಕರೆ ಹೊಂಡ ಸರಿಯಾಗಿದೆ. ಸಣ್ಣವು ಕಾಣದೇ ಹೋಗಿ ಕೊರಮೀನು ಸೊರಗಿದ್ದರೆ ಕೆಲವನ್ನು ಹಿಡಿದು ಮಾರಿ.

ಮಳೆಗಾಲದಲ್ಲಿ ಅಂಚಿನ ಹುಲ್ಲಿನ ಹತ್ತಿರ ಕೆಂಪು ಮರಿಗಳ ಗುಂಪೊಂದು ಮೇಲೇಳುತ್ತ ಮುಳುಗುತ್ತ ಇದ್ದರೆ ಅವು ಕೊರಮೀನು ಮರಿಗಳು. ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಬೇಕಾದಷ್ಟು ಬಿಟ್ಟು, ಉಳಿದವನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಅವತ್ತೇ ಎತ್ತಿಬಿಡಿ.