ಹೋಲ್ಡ್ ಪಕ್ಕದ ಚಾಕ್ ಗುರುತು: ಹಾಕುವ ಕ್ರಮ, ಅಳಿಸುವ ಕ್ರಮ

ಹಂಪಿಯ ಗುಂಡುಬಂಡೆಗಳನ್ನೋ ಬಾದಾಮಿಯ ಕೆಂಪು ಗೋಡೆಗಳನ್ನೋ ಹತ್ತುವವರು ಜಾರದಿರಲೆಂದು ಕೈಗೆ ಹಚ್ಚಿಕೊಳ್ಳುವ ಚಾಕ್ ಪುಡಿ ಬಂಡೆಗೆ ಅಂಟುವುದು ಬೇರೆ, ಹೋಲ್ಡ್ (ಕೈ ಹಿಡಿಯುವ ಅಥವಾ ಕಾಲಿಡುವ ಜಾಗ) ಎಲ್ಲಿದೆಯೆಂದು ತೋರಿಸಲು ಬೇಕೆಂದೇ ಎಳೆಯುವ ಗೆರೆ ಬೇರೆ. ಮೊದಲನೆಯದನ್ನು ಪೂರ್ತಿ ತಪ್ಪಿಸಲಾಗದು. ಎರಡನೆಯದು, ಅಂದರೆ ಟಿಕ್ ಮಾರ್ಕ್, ನಾವೇ ಮಾಡುವ ಆಯ್ಕೆಯಾದ್ದರಿಂದ ಅದರ ಹೊಣೆಯೂ ನಮ್ಮದೇ. ಅಂದಹಾಗೆ ಈ ಚಾಕ್ ಶಾಲೆಯ ಸೀಮೆಸುಣ್ಣವಲ್ಲ, ಮೆಗ್ನೀಷಿಯಂ ಕಾರ್ಬೊನೇಟ್. ಜಿಮ್ನಾಸ್ಟಿಕ್ಸ್ ಪಟುಗಳು ಬಳಸುತ್ತಿದ್ದ ಇದನ್ನು 1950ರ ದಶಕದಲ್ಲಿ ಬಂಡೆಗೆ ತಂದವರು ಅಮೆರಿಕದ ಆರೋಹಿ ಜಾನ್ ಗಿಲ್.

ಹೊಸ ದಾರಿಯೊಂದನ್ನು ಮೊದಲ ಸಲ ಹತ್ತುವಾಗ ಗುರುತು ಹಾಕುವ ಯೋಚನೆಯನ್ನೇ ಬಿಡಿ. ಕಣ್ಣಿಂದ ಬಂಡೆಯನ್ನು ಓದಿ, ಕೈಯಿಂದ ತಡವಿ ನೋಡಿ. ಎರಡು ಮೂರು ಸಲ ಬಿದ್ದ ಮೇಲೂ ಕೈ ಅದೇ ಜಾಗದಲ್ಲಿ ತಪ್ಪುತ್ತಿದ್ದರೆ, ಅದರಲ್ಲೂ ಹೋಲ್ಡ್ ಚಾಚಿದ ಬಂಡೆಯ ಅಂಚಿನ ಆಚೆ ಮರೆಯಾಗಿದ್ದರೆ, ಆಗ ಒಂದು ಗೆರೆಗೆ ಅರ್ಥವಿದೆ. ಹಂಪಿಯ ಗ್ರಾನೈಟಿನಲ್ಲಿ ಕಾಲಿಡುವ ಹರಳುಗಳೆಲ್ಲ ಮೇಲಿನಿಂದ ಒಂದೇ ತೆರನಾಗಿ ಕಾಣುವುದರಿಂದ ಅಲ್ಲಿ ಕಾಲಿನ ಗುರುತಿಗೂ ಕಾರಣವಿದೆ ಎಂದು ಒಪ್ಪುತ್ತೇನೆ. ಆದರೆ ಗೆರೆ ಬೆರಳಿನ ಒಂದು ಗಣ್ಣಿಗಿಂತ ಉದ್ದವಾಗಬಾರದು. ಅದು ಹೋಲ್ಡಿನ ಮೇಲಲ್ಲ, ಪಕ್ಕದಲ್ಲಿರಬೇಕು. ಮೇಲೆಯೇ ಬಳಿದರೆ ಪುಡಿ ದಪ್ಪಗಟ್ಟಿ, ಹಿಡಿಯಬೇಕಾದ ಜಾಗವೇ ಜಾರತೊಡಗುತ್ತದೆ. ಮೊಳದುದ್ದದ ಪಟ್ಟೆ ಎಳೆದು, ಅದರ ತುದಿಗೆ ಬಾಣ ಬರೆದು ಹೋಗುವುದು ಗುರುತಲ್ಲ, ಫಲಕ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಯಾವ ಸುಳಿವೂ ಇಲ್ಲದೆ ಮೊದಲ ಯತ್ನದಲ್ಲೇ ದಾರಿಯನ್ನು ಹತ್ತಿ ಮುಗಿಸುವ ಆನ್‌ಸೈಟ್ ಎಂಬ ಸುಖ ಒಬ್ಬ ಆರೋಹಿಗೆ ಒಂದು ದಾರಿಯಲ್ಲಿ ಒಮ್ಮೆ ಮಾತ್ರ ಸಿಗುತ್ತದೆ. ನೀವು ಬಿಟ್ಟುಹೋದ ಗೆರೆಗಳು ನಾಳೆ ಬರುವವರಿಗೆ, ಅವರು ಕೇಳದಿದ್ದರೂ, ಉತ್ತರವನ್ನು ಹೇಳಿಬಿಡುತ್ತವೆ. ಓದದೆ ಇರೋಣವೆಂದರೂ ಬಿಳಿ ಗೆರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದೂ ಸರಿಯಾದ ಉತ್ತರವೇ ಆಗಿರಬೇಕೆಂದಿಲ್ಲ: ಆರಡಿ ಎತ್ತರದವರು ಹಾಕಿದ ಗುರುತು ಐದಡಿಯವರನ್ನು ಕೈಗೆಟುಕದ ಹೋಲ್ಡಿನತ್ತ ಎಳೆದು, ಪಕ್ಕದಲ್ಲೇ ಇದ್ದ ಸುಲಭದ ದಾರಿ ಕಾಣದಂತೆ ಮಾಡುವುದುಂಟು.

ಆದ್ದರಿಂದ ಅಳಿಸುವ ಕೆಲಸವನ್ನು ಹತ್ತುವ ಕೆಲಸದ ಭಾಗವೆಂದೇ ಎಣಿಸಿ, ಕತ್ತಲಾಗುವ ಮೊದಲೇ ಅದಕ್ಕೆ ಹತ್ತು ನಿಮಿಷ ಎತ್ತಿಡಿ. ಹಂದಿಕೂದಲಿನ ಅಥವಾ ಮೆತ್ತನೆಯ ನೈಲಾನ್ ಬ್ರಷ್ ಸಾಕು; ತಂತಿಯ ಬ್ರಷ್ ಬಂಡೆಯನ್ನೇ ಕೆರೆಯುವುದರಿಂದ ಅದನ್ನು ಚೀಲದಲ್ಲೂ ಇಟ್ಟುಕೊಳ್ಳಬೇಡಿ. ಕೈಗೆಟುಕದ ಗುರುತುಗಳಿಗೆ ಕೋಲಿನ ತುದಿಗೆ ಬ್ರಷ್ ಕಟ್ಟಿಕೊಳ್ಳಬಹುದು. ಹಗ್ಗದ ದಾರಿಯಲ್ಲಾದರೆ ಇಳಿಯುತ್ತಲೇ ಉಜ್ಜಿಕೊಂಡು ಬರಬೇಕು. ಮಳೆ ತೊಳೆಯುತ್ತದೆ ಬಿಡಿ ಎಂಬ ಮಾತು ಮುಂಚಾಚಿದ ಬಂಡೆಗಳಿಗೆ ಹೊಂದುವುದಿಲ್ಲ, ಏಕೆಂದರೆ ಅವುಗಳ ಅಡಿಗೆ ಮಳೆ ತಾಗುವುದೇ ಇಲ್ಲ. ಹಾಗೆಂದು ಬಾದಾಮಿಯಲ್ಲಿ ನೀರೆರಚಿ ತೊಳೆಯಲು ಹೋಗಬಾರದು: ಮರಳುಗಲ್ಲು ನೆನೆದರೆ ಬಲ ಕಳೆದುಕೊಳ್ಳುತ್ತದೆ, ಆಗ ಹೋಲ್ಡ್ ಮುರಿಯುತ್ತದೆ. ಮಳೆ ಬಂದ ಮೇಲೆ ಬಂಡೆ ಒಳಗೂ ಒಣಗುವವರೆಗೆ ಹತ್ತಬಾರದೆಂಬುದಕ್ಕೂ ಇದೇ ಕಾರಣ.

ಕೆಲವು ಕಡೆ ಅಳತೆಯ ಮಾತೇ ಇಲ್ಲ, ಒಂದು ಚುಕ್ಕೆಯೂ ಕೂಡದು. ಬಾದಾಮಿಯಲ್ಲಿ ನಾವು ಹತ್ತುವುದು ಚಾಲುಕ್ಯರು ಗುಹಾಲಯಗಳನ್ನು ಕೊರೆದ ಅದೇ ಕಲ್ಲನ್ನು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಶಾಸನ, ಶಿಲ್ಪ, ಪ್ರಾಚೀನ ವರ್ಣಚಿತ್ರ ಅಥವಾ ಪೂಜೆಗೊಳ್ಳುವ ಕಲ್ಲು ಇರುವ ಬಂಡೆಗೆ ಚಾಕ್ ಕೈ ತಾಗಿಸುವುದಿರಲಿ, ಅದನ್ನು ಹತ್ತುವುದೇ ಸಲ್ಲದು. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧವೂ ಹೌದು. ಜರ್ಮನಿಯ ಸ್ಯಾಕ್ಸನ್ ಸ್ವಿಟ್ಜರ್ಲೆಂಡಿನ ಮರಳುಗಲ್ಲಿನ ಕಂಬಗಳಲ್ಲಂತೂ ಗುರುತು ಮಾತ್ರವಲ್ಲ, ಚಾಕ್ ಬಳಕೆಯೇ ನಿಷಿದ್ಧ. ಹಾಗಿದ್ದೂ ಅಲ್ಲಿ ತಲೆಮಾರುಗಳಿಂದ ಕಠಿಣ ದಾರಿಗಳನ್ನು ಹತ್ತುತ್ತಲೇ ಬಂದಿದ್ದಾರೆ. ಇನ್ನು ಪಾಚಿ, ಜರಿಗಿಡಗಳು ಬೆಳೆದ ಬಂಡೆಯ ಭಾಗದಲ್ಲೂ ಚಾಕನ್ನು ಮಿತವಾಗಿ ಬಳಸಬೇಕು: ಚಾಕ್ ಅವುಗಳ ಮೊಳಕೆಗೂ ಉಳಿವಿಗೂ ಅಡ್ಡಿಯಾಗಬಲ್ಲದೆಂದು 2020ರಲ್ಲಿ ಪ್ರಕಟವಾದ ಸ್ವಿಸ್ ಅಧ್ಯಯನವೊಂದು ತೋರಿಸಿದೆ.

ಉಳಿಸಲೇಬೇಕಾದ ಗುರುತು ಒಂದಿದೆ. ಸಡಿಲವಾದ, ಮುರಿದುಬೀಳಬಹುದಾದ ಹೋಲ್ಡಿನ ಮೇಲೆ ಆರೋಹಿಗಳು ಚಾಕಿನಿಂದ ಕತ್ತರಿ ಗುರುತು (X) ಹಾಕುತ್ತಾರೆ. ಅದು ಎಚ್ಚರಿಕೆಯಾದ್ದರಿಂದ ಅದನ್ನು ಉಜ್ಜಬಾರದು, ಮಾಸಿದ್ದರೆ ಮತ್ತೆ ಎಳೆಯಬೇಕು. ಬೇರೆಯವರ ಗೆರೆಗಳು ಕಂಡಾಗ ಸುತ್ತ ಒಮ್ಮೆ ನೋಡಿ: ಬಂಡೆಯ ಬುಡದಲ್ಲಿ ಯಾರದಾದರೂ ಪ್ಯಾಡ್ (ಬಿದ್ದರೆ ಪೆಟ್ಟಾಗದಂತೆ ಹಾಸುವ ದಪ್ಪ ಹಾಸು), ನೀರಿನ ಬಾಟಲಿ ಇದ್ದರೆ ಅವರ ಯತ್ನ ಇನ್ನೂ ನಡೆದಿದೆ ಎಂದರ್ಥ, ಕೇಳಿಯೇ ಮುಟ್ಟಿ. ಯಾರೂ ಇಲ್ಲದಿದ್ದರೆ ಬ್ರಷ್ ತೆಗೆಯಿರಿ.